ನೀರಿನೊಳಗಿನ ಬಾಯಾರಿಕೆ

 

ದಿ ಪಾಂಡ್ಸ್‌ನಲ್ಲಿ ಮನೆ ಮಾಡಿದ ನಾವೆಲ್ಲ ಮಕ್ಕಳನ್ನು ಈಜು ತರಗತಿಗೆ ಸೇರಿಸಿದ್ದೇವೆ. ಅಕ್ಕಪಕ್ಕದ ಮನೆಗಳ ಹಿತ್ತಿಲಲ್ಲೇ ಕೊಳ. ಈ ದೇಶದಲ್ಲಿ ಈಜು ಬರದಿದ್ದರೆ ಅಪಾಯವೆಂಬುದು ನಮಗೆ ಗೊತ್ತು. ಗಾಗಲ್ಸ್, ಟೋಪಿ, ಟವೆಲ್, ಸನ್‌ಸ್ಕ್ರೀನ್ ಎಲ್ಲವನ್ನೂ ಚೀಲಕ್ಕೆ ತುಂಬುತ್ತೇವೆ. ಆದರೆ ನೀರಿನ ಬಾಟಲಿ ಬಹಳ ಸಲ ಕಾರಿನಲ್ಲೇ ಉಳಿಯುತ್ತದೆ. ‘ಮಗು ನೀರಿನಲ್ಲೇ ಇದೆಯಲ್ಲ, ಇನ್ನೇನು ಬಾಯಾರಿಕೆ?’ ಎಂಬ ಭಾವನೆ.

ಈಜುವಾಗಲೂ ಮೈ ಬೆವರುತ್ತದೆ. ಬೆವರು ಕೊಳದ ನೀರಿನಲ್ಲಿ ಸೇರಿಹೋಗುವುದರಿಂದ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಚರ್ಮ ತಣ್ಣಗಿರುವುದರಿಂದ, ಬಾಯಿ ಒದ್ದೆಯಾಗಿರುವುದರಿಂದ ಮಗುವಿಗೂ ಬಾಯಾರಿಕೆ ತಿಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಕುತ್ತಿಗೆಯವರೆಗೆ ನೀರಿನಲ್ಲಿದ್ದಾಗ ನೀರಿನ ಒತ್ತಡಕ್ಕೆ ಕೈಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ದೇಹ ತಿಳಿದುಕೊಳ್ಳುತ್ತದೆ, ಮೂತ್ರಪಿಂಡಗಳು ಅದನ್ನು ಹೊರಹಾಕಲು ತೊಡಗುತ್ತವೆ. ಕೊಳದಿಂದ ಎದ್ದ ಕೂಡಲೇ ಮಕ್ಕಳು ಶೌಚಾಲಯಕ್ಕೆ ಓಡುವುದು ಚಳಿಯಿಂದ ಮಾತ್ರವಲ್ಲ.

ಹಾಗಾಗಿ ನಾನು ಹೇಳಬೇಕಾದ ಮಾತು ಒಂದೇ: ಈಜುವ ಮಗು ಕೇಳಲಿ ಎಂದು ಕಾಯಬೇಡಿ, ಹೊತ್ತು ನೋಡಿ ನೀರು ಕುಡಿಸಿ.

ಊರಿನ ಕಡೆ ಇದಕ್ಕೊಂದು ಒಳ್ಳೆಯ ಉಪಾಯ ಬಂದಿದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ‘ವಾಟರ್ ಬೆಲ್’ ಸುದ್ದಿಯಾಯಿತು, ಅದೇ ವರ್ಷ ಕರ್ನಾಟಕವೂ ಅದನ್ನು ಅನುಸರಿಸಿತು. ಗಂಟೆ ಹೊಡೆದರೆ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ಇಲ್ಲಿನ ಅನೇಕ ಪ್ರಾಥಮಿಕ ಶಾಲೆಗಳಲ್ಲೂ ‘ಕ್ರಂಚ್ ಅಂಡ್ ಸಿಪ್’ ವಿರಾಮವಿದೆ. ಆದರೆ ಶಾಲೆ ಬಿಟ್ಟ ಮೇಲೆ ಗಂಟೆ ಹೊಡೆಯುವವರು ಯಾರು? ನಾವು ಪ್ಯಾರಮಟ್ಟದಿಂದಲೋ ಸಿಟಿಯಿಂದಲೋ ಓಡಿಬಂದು, ಆಫ್ಟರ್ ಸ್ಕೂಲ್ ಕೇರ್‌ನಿಂದ ಮಗುವನ್ನು ಕರೆದುಕೊಂಡು ನೇರವಾಗಿ ಕೊಳಕ್ಕೆ ಹೋಗುತ್ತೇವೆ. ಮಗು ಮಧ್ಯಾಹ್ನದ ಊಟದ ನಂತರ ಒಂದು ಗುಟುಕೂ ಕುಡಿದಿರಲಿಕ್ಕಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗಲು ಇಷ್ಟವಿಲ್ಲದೆ ಬೇಕೆಂದೇ ಕುಡಿಯದ ಮಕ್ಕಳೂ ಇದ್ದಾರೆ. ಆದ್ದರಿಂದ ಕಾರು ಹತ್ತಿದ ಕೂಡಲೇ ಒಂದು ಲೋಟ ನೀರು. ಅದೇ ನಮ್ಮ ಗಂಟೆ.

ಎಷ್ಟು ಬೇಕು? ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿಯ ಪ್ರಕಾರ 4ರಿಂದ 8 ವರ್ಷದವರಿಗೆ ಹಾಲು ಮುಂತಾದವೂ ಸೇರಿ ದಿನಕ್ಕೆ ಸುಮಾರು 1.2 ಲೀಟರ್, 9ರಿಂದ 13 ವರ್ಷದ ಹುಡುಗಿಯರಿಗೆ 1.4, ಹುಡುಗರಿಗೆ 1.6 ಲೀಟರ್. ಬಿಸಿಲಿನಲ್ಲಿ ಆಡುವ 9ರಿಂದ 12 ವರ್ಷದವರಿಗೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿಲಿಲೀಟರ್ ಸಾಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಒಂದೇ ಸಲಕ್ಕೆ ಲೀಟರ್‌ಗಟ್ಟಲೆ ಕುಡಿಸುವುದೂ ತಪ್ಪು. ರಕ್ತದಲ್ಲಿ ಉಪ್ಪಿನಂಶ ಕುಸಿಯಬಹುದು.

ಅರ್ಧ ಗಂಟೆಯ ತರಗತಿಗೆ ಸ್ಪೋರ್ಟ್ಸ್ ಡ್ರಿಂಕ್ ಬೇಕಿಲ್ಲ. ಅಂಥ ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರ್‌ಗೆ 6 ಗ್ರಾಂನಷ್ಟು ಸಕ್ಕರೆ ಇರುತ್ತದೆ. ನಲ್ಲಿ ನೀರು ಸಾಕು. ಮನೆಗೆ ಬಂದ ಮೇಲೆ ಚಿಟಿಕೆ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡಿ, ಜೊತೆಗೆ ಕಲ್ಲಂಗಡಿಯೋ ಕಿತ್ತಳೆಯೋ ಇರಲಿ. ಅಜ್ಜಿಯಂದಿರೇ, ಇದು ನಿಮ್ಮ ಖಾತೆ. ‘ಈಜಿ ಬಂದಿದ್ದಾನೆ, ನೀರು ಕುಡಿದರೆ ನೆಗಡಿ’ ಎನ್ನಬೇಡಿ. ನೆಗಡಿ ಬರುವುದು ವೈರಸ್‌ನಿಂದ.

ಹೆಚ್ಚು ಎಚ್ಚರ ಬೇಕಾದದ್ದು ಬೇಸಿಗೆಯ ಸ್ವಿಮ್ಮಿಂಗ್ ಕಾರ್ನಿವಲ್ ದಿನ. ಮಗು ಈಜುವುದು ಎರಡೇ ನಿಮಿಷ, ಬಿಸಿಲಿನಲ್ಲಿ ಕುಳಿತು ಕೂಗುವುದು ನಾಲ್ಕು ಗಂಟೆ. ನಮ್ಮ ಪಶ್ಚಿಮ ಸಿಡ್ನಿಯ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ದಾಖಲಾಗಿತ್ತು. ಮೆಲ್ಬರ್ನ್ 2009ರ ಫೆಬ್ರುವರಿ 7ರಂದು 46.4 ಡಿಗ್ರಿ ಕಂಡಿತ್ತು. ಅಂಥ ಬೇಸಿಗೆಯಲ್ಲಿ ಒಂದು ಬಾಟಲಿ ಸಾಲದು, ಹೆಸರು ಬರೆದ ಎರಡು ಬಾಟಲಿ ಕಳಿಸಿ. ಒಂದನ್ನು ಹಿಂದಿನ ರಾತ್ರಿ ಅರ್ಧ ತುಂಬಿಸಿ ಫ್ರೀಜರ್‌ನಲ್ಲಿಡಿ, ಬೆಳಿಗ್ಗೆ ಉಳಿದರ್ಧಕ್ಕೆ ನೀರು ಹಾಕಿ.

ಮೂತ್ರ ಗಾಢ ಹಳದಿಯಾಗಿದ್ದರೆ, ತಲೆನೋವು, ಸಿಡುಕು, ಸುಸ್ತು ಕಂಡರೆ ನೆರಳಿಗೆ ಕರೆತಂದು ಗುಟುಕು ಗುಟುಕಾಗಿ ನೀರು ಕೊಡಿ. ಬಿಸಿಲಿನ ದಿನ ಮಗು ತಬ್ಬಿಬ್ಬಾಗಿ ಮಾತಾಡಿದರೆ, ಎಚ್ಚರ ತಪ್ಪಿದರೆ ತಡಮಾಡದೆ 000ಗೆ ಕರೆ ಮಾಡಿ, ಮೈ ತಣ್ಣಗಾಗಿಸುತ್ತಿರಿ. ಅನುಮಾನವಿದ್ದರೆ ಹೆಲ್ತ್‌ಡೈರೆಕ್ಟ್‌ನ 1800 022 222ರಲ್ಲಿ ದಿನದ 24 ಗಂಟೆಯೂ ನರ್ಸ್ ಸಿಗುತ್ತಾರೆ.

ಮುಂದಿನ ವಾರ ಈಜು ತರಗತಿಗೆ ಹೊರಡುವಾಗ ಮಗುವಿನ ಚೀಲದಲ್ಲಿ ಮೊದಲು ಬಾಟಲಿ ಇಡಿ, ಟವೆಲ್ ಆಮೇಲೆ. ನೀವೂ ಒಂದು ಲೋಟ ಕುಡಿಯಿರಿ, ಮಕ್ಕಳು ನೋಡಿ ಕಲಿಯುತ್ತಾರೆ.