ಉಬ್ಬಿದ ಕೆಪಾಸಿಟರ್‌ಗೆ ಬದಲಿ ಯಾವುದು?

(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ದಾನವಾಗಿ ಬಂದ ಹಳೆಯ ಕಂಪ್ಯೂಟರ್‌ಗಳು ಶಾಲೆಗಳ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿರುವುದನ್ನು ನೀವೆಲ್ಲ ನೋಡಿದ್ದೀರಿ. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಬೆಳಗುವುದಿಲ್ಲ. ಇಲ್ಲವೇ ಹುಡುಗಿಯೊಬ್ಬಳು ‘ನುಡಿ’ಯಲ್ಲಿ ಎರಡು ಪುಟ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅದು ತಾನಾಗಿಯೇ ಆರಿ ಹೊತ್ತಿಕೊಂಡು, ಮಾಡಿದ್ದೆಲ್ಲ ಮಾಯವಾಗುತ್ತದೆ. ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ ಎನ್ನುವುದು ಸುಲಭ. ಅದಕ್ಕೆ ಮೊದಲು ಮುಚ್ಚಳ ತೆಗೆದು ಪ್ರೊಸೆಸರ್‌ನ ಸುತ್ತ ಒಮ್ಮೆ ನೋಡಿರಿ ಎಂಬುದು ನನ್ನ ವಿನಂತಿ.

ಅಲ್ಲಿ ಸಾಲಾಗಿ ನಿಂತ ಪುಟ್ಟ ಡಬ್ಬಿಗಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಪಠ್ಯಪುಸ್ತಕ ಇದನ್ನು ‘ಧಾರಕ’ ಎನ್ನುತ್ತದೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ಯಾರೂ ಕೊಡಲಾರರು! ಡಬ್ಬಿಯ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ದ್ರವ ಒಸರಿದ್ದರೆ ಅದು ಕೆಟ್ಟಿದೆ. ಸುಮಾರು 1999ರಿಂದ 2007ರವರೆಗೆ ಇಂತಹ ದೋಷಪೂರಿತ ಮಾಲು ಜಗತ್ತಿನಾದ್ಯಂತ ಬೋರ್ಡ್‌ಗಳಲ್ಲಿ ಸೇರಿಕೊಂಡಿತ್ತು. ಒಳಗಿನ ದ್ರವದಲ್ಲಿ ಅನಿಲ ಹುಟ್ಟಿ ಡಬ್ಬಿ ಉಬ್ಬುತ್ತಿತ್ತು. ಇದೇ ದೋಷಕ್ಕಾಗಿ ಡೆಲ್ ಕಂಪೆನಿ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡಬ್ಬಿಯ ಮೇಲೆ 1500 ಮೈಕ್ರೋಫ್ಯಾರಡ್, 6.3 ವೋಲ್ಟ್ ಎಂದಿರುತ್ತದೆ. ನಮ್ಮ ಹುಡುಗರು ಆ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಅಗ್ಗದ್ದನ್ನು ತಂದು ಹಚ್ಚುತ್ತಾರೆ. ಬೋರ್ಡ್ ಎದ್ದು ಕೂರುತ್ತದೆ. ಕೆಲವು ವಾರಗಳಲ್ಲಿ ಮತ್ತೆ ಮಲಗುತ್ತದೆ. ಏಕೆಂದರೆ ಆ ಎರಡು ಸಂಖ್ಯೆಗಳು ಸಾಲವು. ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಭಾಗ ಸೆಕೆಂಡಿಗೆ ಲಕ್ಷಾಂತರ ಬಾರಿ ಸ್ವಿಚ್ ಆಗುತ್ತಿರುತ್ತದೆ. ಅಲ್ಲಿ ಕೆಪಾಸಿಟರ್‌ನ ಒಳಗಿನ ರೋಧ, ಅಂದರೆ ಇಎಸ್‌ಆರ್, ತೀರ ಕಡಿಮೆ ಇರಬೇಕು. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿಯ ಬಾಯಿ ಕಿರಿದಾದರೆ ಬಿಂದಿಗೆ ಬೇಗ ತುಂಬೀತೆ? ರೋಧ ಹೆಚ್ಚಿದ್ದರೆ ಕೆಪಾಸಿಟರ್ ಬಿಸಿಯಾಗಿ ಒಣಗುತ್ತದೆ.

ಆದ್ದರಿಂದ ತಯಾರಕರ ಮಾಹಿತಿ ಹಾಳೆಯನ್ನು ಓದಿರಿ. ರೋಧವನ್ನೂ ರಿಪಲ್ ಕರೆಂಟನ್ನೂ 100 ಕಿಲೋಹರ್ಟ್ಸ್‌ನಲ್ಲಿ ಅಳೆದು ಕೊಟ್ಟಿದ್ದರೆ ಅದು ಈ ಕೆಲಸಕ್ಕೆ ಮಾಡಿದ್ದು. ಕೇವಲ 120 ಹರ್ಟ್ಸ್‌ನ ಅಂಕಿ ಇದ್ದರೆ ಹಿಂದಿರುಗಿಸಿರಿ. ಪ್ಯಾನಸಾನಿಕ್‌ನ ಎಫ್‌ಆರ್, ಎಫ್‌ಎಂ ಸರಣಿಗಳು ನಂಬಿಕೆಗೆ ತಕ್ಕವು. ಆದರೆ ನಕಲಿಯೂ ಉಂಟು, ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿರಿ.

ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಲೇಬಾರದು. 12 ವೋಲ್ಟ್ ಬರುವ ಕಡೆ 16ರದ್ದೇ ಆಗಬೇಕು. ಉಷ್ಣತೆ 105 ಡಿಗ್ರಿಯದ್ದಿರಲಿ. 10 ಡಿಗ್ರಿ ತಂಪಾದಂತೆಲ್ಲ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ: 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ಡಬ್ಬಿಯ ಅಗಲವನ್ನೂ ಅಳೆದುಕೊಂಡೇ ಹೋಗಿರಿ. 10 ಮಿಲಿಮೀಟರಿನದನ್ನು 8ರ ಜಾಗದಲ್ಲಿ ತುರುಕಲು ಹೋಗಿ ಹೀಟ್‌ಸಿಂಕ್‌ಗೆ ತಾಗಿಸಿದವರನ್ನು ಕಂಡಿದ್ದೇನೆ.

ಒಂದು ಉಬ್ಬಿದ್ದರೆ ಅದೇ ತಯಾರಿಕೆಯ ಪಕ್ಕದವನ್ನೂ ಬದಲಾಯಿಸುವುದು ಲೇಸು, ಉಬ್ಬದೆಯೂ ಕೆಟ್ಟಿರಬಹುದು. ತೆಗೆಯುವ ಮೊದಲು ಧನ, ಋಣ ತುದಿಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಡಬ್ಬಿಯ ಮೇಲಿನ ಪಟ್ಟಿ ಋಣ ತುದಿಯದು, ಆದರೆ ಬೋರ್ಡ್ ಮೇಲಿನ ಗುರುತು ಎಲ್ಲ ಕಂಪೆನಿಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಬೋರ್ಡ್‌ನ ಒಳಪದರಗಳ ತಾಮ್ರ ಶಾಖವನ್ನು ಹೀರಿಕೊಳ್ಳುವುದರಿಂದ ರೇಡಿಯೋ ರಿಪೇರಿಯ 25 ವ್ಯಾಟ್ ಐರನ್ ಸಾಲದು. ಸೀಸರಹಿತ ಬೆಸುಗೆ 217 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕೆ ಸ್ವಲ್ಪ ಸೀಸದ ಬೆಸುಗೆ ಬೆರೆಸಿದರೆ ಬೇಗ ಸಡಿಲವಾಗುತ್ತದೆ. ರಂಧ್ರವನ್ನು ಸೂಜಿಯಿಂದ ಕೊರೆಯಬೇಡಿ, ಒಳಗಿನ ತಾಮ್ರದ ಲೇಪ ಕಿತ್ತುಬಂದರೆ ಬೋರ್ಡ್ ನಿಜವಾಗಿಯೂ ಗುಜರಿಗೇ.

ಕೊನೆಯದಾಗಿ ಪವರ್ ಸಪ್ಲೈ ಡಬ್ಬಿ. ತಪ್ಪು ಅಲ್ಲಿಯೂ ಇರಬಹುದು. ಆದರೆ ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಈ ಶಿಬಿರದಲ್ಲಿ ನಾವು ಅದನ್ನು ತೆರೆಯುವುದಿಲ್ಲ. ಚೆನ್ನಾಗಿರುವ ಇನ್ನೊಂದನ್ನು ಜೋಡಿಸಿ ಪರೀಕ್ಷಿಸುತ್ತೇವೆ.