ಜಾಲತಾಣದ ಲೆಕ್ಕ: ಬೀಗದ ಕೈ ಯಾರ ಬಳಿ?



ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ‘ಚಾರ್ಜು ಕೊಡುವುದು’ ಎಂಬ ಮಾತು ಚೆನ್ನಾಗಿ ಗೊತ್ತು. ಒಬ್ಬರು ವರ್ಗವಾಗಿ ಹೊರಟರೆ ಬೀರುವಿನ ಬೀಗದ ಕೈ, ರಿಜಿಸ್ಟರು, ರಸೀದಿ ಪುಸ್ತಕ ಎಲ್ಲವನ್ನೂ ಪಟ್ಟಿ ಮಾಡಿ, ಬಂದವರ ರುಜು ಪಡೆದು ಒಪ್ಪಿಸಬೇಕು. ಇಂದು ನಮ್ಮ ಸಂಘ ಸಂಸ್ಥೆಗಳಲ್ಲಿ ಬೀರುವಿನೊಳಗೆ ಇರದ ಇನ್ನೊಂದು ಲೆಕ್ಕದ ಪುಸ್ತಕವಿದೆ. ಅದರ ಚಾರ್ಜನ್ನು ಕೊಡುವವರೂ ಕಡಿಮೆ, ಕೇಳಿ ಪಡೆಯುವವರೂ ಕಡಿಮೆ. ಅದು ಜಾಲತಾಣಕ್ಕೆ ಬಂದುಹೋಗುವವರ ಲೆಕ್ಕ.

ಅಂಗಡಿಗೆ ಎಷ್ಟು ಜನ ಬಂದರು, ಯಾವ ಊರಿನವರು, ಯಾವ ಸರಕಿನ ಮುಂದೆ ನಿಂತರು ಎಂಬುದನ್ನು ವ್ಯಾಪಾರಿ ಕಣ್ಣಿನಿಂದಲೇ ನೋಡುತ್ತಾನೆ. ಜಾಲತಾಣದಲ್ಲಿ ಈ ಕೆಲಸವನ್ನು ತಂತ್ರಾಂಶವೊಂದು ಮಾಡಬೇಕು. ಅಂಥವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2005ರಲ್ಲಿ ಬಂದ ಗೂಗಲ್ ಅನಾಲಿಟಿಕ್ಸ್. ಸಾಮಾನ್ಯ ಬಳಕೆಗೆ ಇದು ಉಚಿತ. ಬೇಕಾದದ್ದು ಒಂದು ಇಮೇಲ್ ವಿಳಾಸದ ಗೂಗಲ್ ಖಾತೆ, ಅಷ್ಟೆ. ತೊಡಕು ಶುರುವಾಗುವುದೂ ಅಲ್ಲಿಯೇ. ಆ ಇಮೇಲ್ ಯಾರದು?

ನನಗೆ ಪರಿಚಯವಿರುವ ಒಂದು ನೇಕಾರರ ಸಹಕಾರ ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. 2015ರಲ್ಲಿ ಊರಿನ ಯುವಕನೊಬ್ಬ ಅವರಿಗೆ ಜಾಲತಾಣ ಮಾಡಿಕೊಟ್ಟ. ಲೆಕ್ಕದ ಖಾತೆಯನ್ನು ತನ್ನ ಸ್ವಂತ ಇಮೇಲಿನಲ್ಲಿ ತೆರೆದ. ತಿಂಗಳಿಗೊಮ್ಮೆ ವರದಿ ಮುದ್ರಿಸಿ ಕೊಡುತ್ತಿದ್ದ. ಯಾವ ತಿಂಗಳಲ್ಲಿ ಯಾವ ಬಗೆಯ ಸೀರೆಯನ್ನು ಹೆಚ್ಚು ಜನ ನೋಡಿದರು ಎಂಬುದರ ಮೇಲೆ ಸಂಘದವರು ನೂಲು ಕೊಳ್ಳುವ ಲೆಕ್ಕಾಚಾರ ಹಾಕುತ್ತಿದ್ದರು. ಮುಂದೆ ಆತನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹಾರ ಹಾಕಿ ಬೀಳ್ಕೊಟ್ಟರು. ಚಾರ್ಜು ಪಡೆಯಲಿಲ್ಲ.

ಗೂಗಲ್ ತನ್ನ ಹಳೆಯ ವ್ಯವಸ್ಥೆಯ ಉಚಿತ ಖಾತೆಗಳಲ್ಲಿ 2023ರ ಜುಲೈ 1ರಿಂದ ಹೊಸ ಲೆಕ್ಕ ಸೇರಿಸುವುದನ್ನು ನಿಲ್ಲಿಸಿತು. ಹಳೆಯ ಲೆಕ್ಕ ಬೇಕಾದವರು ಇಳಿಸಿಕೊಳ್ಳಿ ಎಂದು ಹೇಳಿ, 2024ರ ಜುಲೈನಿಂದ ಅದನ್ನೂ ಮುಚ್ಚತೊಡಗಿತು. ಆ ವರ್ಷ ಮೇ ತಿಂಗಳಲ್ಲಿ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿದರು. “ಹುಡುಗ ಒಳ್ಳೆಯವನೇ ಸರ್, ಮೋಸ ಮಾಡಿದವನಲ್ಲ. ಆದರೆ ಆ ಇಮೇಲಿನ ಪಾಸ್‌ವರ್ಡ್ ಅವನಿಗೇ ನೆನಪಿಲ್ಲ. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರನ್ನೂ ಬಿಟ್ಟಿದ್ದಾನೆ” ಎಂದರು. ನಾವು ಪ್ರಯತ್ನಿಸಿದೆವು, ಆಗಲಿಲ್ಲ. ಎಂಟು ವರ್ಷಗಳ ಲೆಕ್ಕ ಹೋಯಿತು. ಸಂಘದಲ್ಲಿ ಇನ್ನೊಬ್ಬರಿಗೆ ಬರೀ ನೋಡುವ ಅನುಮತಿ ಇದ್ದಿದ್ದರೂ ವರದಿಗಳನ್ನು ಇಳಿಸಿಕೊಳ್ಳಬಹುದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ನಮ್ಮ ಓಡಾಟ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಈ ಖಾತೆಯ ರಚನೆ ತಿಳಿಯೋಣ. ಇದರಲ್ಲಿ ‘ಅಕೌಂಟ್’ ಎಂಬುದು ಮನೆಯಿದ್ದಂತೆ, ‘ಪ್ರಾಪರ್ಟಿ’ ಎಂಬುದು ಅದರೊಳಗಿನ ಕೋಣೆ. ಒಂದೊಂದು ಜಾಲತಾಣಕ್ಕೆ ಒಂದೊಂದು ಕೋಣೆ ಇಡಬಹುದು. ಮನೆಯ ಮಟ್ಟದಲ್ಲಿ ಕೊಟ್ಟ ಅಧಿಕಾರ ಎಲ್ಲ ಕೋಣೆಗಳಿಗೂ ಸಲ್ಲುತ್ತದೆ. ಒಂದೇ ಜಾಲತಾಣದ ಕೆಲಸಕ್ಕೆ ಬಂದವರಿಗೆ ಆ ಕೋಣೆಯ ಅನುಮತಿ ಸಾಕು.

ಅಧಿಕಾರದಲ್ಲಿ ಐದು ದರ್ಜೆಗಳಿವೆ. ‘ವ್ಯೂವರ್’ ವರದಿಗಳನ್ನು ನೋಡಬಹುದು. ‘ಅನಾಲಿಸ್ಟ್’ ಅದರ ಜೊತೆಗೆ ಎಲ್ಲರೂ ಹಂಚಿಕೊಳ್ಳುವ ಕೆಲವು ವಿಶ್ಲೇಷಣೆಗಳನ್ನು ಸಿದ್ಧಪಡಿಸಬಹುದು. ‘ಮಾರ್ಕೆಟರ್’ ಪ್ರಚಾರಕ್ಕೆ ಬೇಕಾದ ಗ್ರಾಹಕ ಗುಂಪುಗಳನ್ನು ರಚಿಸಬಹುದು. ‘ಎಡಿಟರ್’ ಎಲ್ಲ ಏರ್ಪಾಡುಗಳನ್ನೂ ಬದಲಾಯಿಸಬಹುದು, ಆದರೆ ಬೇರೆಯವರನ್ನು ಸೇರಿಸಲು ಅಥವಾ ತೆಗೆಯಲು ಆಗದು. ಆ ಅಧಿಕಾರ ‘ಅಡ್ಮಿನಿಸ್ಟ್ರೇಟರ್’ ಒಬ್ಬರಿಗೇ. ಇವಲ್ಲದೆ, ವರದಿ ನೋಡುವವರಿಗೆ ವೆಚ್ಚದ ಅಥವಾ ಆದಾಯದ ಅಂಕಿಗಳು ಕಾಣದಂತೆ ಮರೆಮಾಡುವ ಅನುಕೂಲವೂ ಇದೆ.

ಯಾರಿಗೆ ಎಷ್ಟು ಕೊಡಬೇಕು? ಗಣಕ ಭದ್ರತೆಯ ಬಗ್ಗೆ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೊಂದು ಸೂತ್ರವಿದೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಇರಬೇಕು, ಹೆಚ್ಚಿರಬಾರದು ಎಂಬುದು ಅದರ ಸಾರ. ಅಧ್ಯಕ್ಷರು ವರದಿ ನೋಡುವವರಷ್ಟೇ ಆದರೆ ಅವರಿಗೆ ವ್ಯೂವರ್ ದರ್ಜೆ ಸಾಕು. ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ. ಕೈತಪ್ಪಿ ಏನನ್ನಾದರೂ ಅಳಿಸುವ ಭಯ ಅವರಿಗೂ ತಪ್ಪುತ್ತದೆ. ಅಳಿಸಿದ ಪ್ರಾಪರ್ಟಿ ಕಸದ ಬುಟ್ಟಿಯಲ್ಲಿ 35 ದಿನ ಉಳಿಯುತ್ತದೆ. ಆಮೇಲೆ ಮರಳಿ ಬಾರದು.

ಆದರೆ ಅಡ್ಮಿನಿಸ್ಟ್ರೇಟರ್ ಮಾತ್ರ ಒಬ್ಬರೇ ಇರಬಾರದು. ಬ್ಯಾಂಕಿನ ತಿಜೋರಿಗೆ ಇಬ್ಬರು ಅಧಿಕಾರಿಗಳ ಬಳಿ ಕೀಲಿ ಇರುತ್ತದೆ. ಅಲ್ಲಿ ಇಬ್ಬರೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಇಲ್ಲಿ ಒಬ್ಬರಿಲ್ಲದಾಗ ಇನ್ನೊಬ್ಬರು ತೆರೆಯಲೆಂದು ಇಬ್ಬರು ಬೇಕು. ಅವರಲ್ಲಿ ಒಂದು ವಿಳಾಸ ವ್ಯಕ್ತಿಯದಾಗಿರದೆ ಸಂಸ್ಥೆಯದಾಗಿರಲಿ. ಅದರ ಪಾಸ್‌ವರ್ಡ್ ಮತ್ತು ಮೊಬೈಲ್ ನಂಬರಿನ ಹೊಣೆ ಕಾರ್ಯದರ್ಶಿಯ ಹುದ್ದೆಗೆ ಸೇರಿರಲಿ.

ಇನ್ನೊಂದು ರೂಢಿ ಬಹಳ ಕಡೆ ಇದೆ. ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಬಳಸುವುದು. ಈ ಖಾತೆಯಲ್ಲಿ ಯಾರು, ಯಾವಾಗ, ಯಾವ ಏರ್ಪಾಡು ಬದಲಾಯಿಸಿದರು ಎಂಬ ದಾಖಲೆ ಇರುತ್ತದೆ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋದರೆ ಆ ದಾಖಲೆಗೆ ಅರ್ಥವಿಲ್ಲ. ಒಂದು ತಪ್ಪು ನಡೆದರೆ ನಾಲ್ವರ ಮೇಲೂ ಅನುಮಾನ ಬರುತ್ತದೆ.

ಹೊಸಬರನ್ನು ಸೇರಿಸುವುದು ಕಷ್ಟವಲ್ಲ. ‘ಅಡ್ಮಿನ್’ ಎಂಬಲ್ಲಿಗೆ ಹೋಗಿ, ಅಕೌಂಟಿನ ಅಥವಾ ಪ್ರಾಪರ್ಟಿಯ ‘ಆಕ್ಸೆಸ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೂಡಿಸುವ ಚಿಹ್ನೆಯನ್ನು ಒತ್ತಿ, ಅವರ ಇಮೇಲ್ ಬರೆದು, ದರ್ಜೆ ಆರಿಸಿ. ಅದೇ ಪಟ್ಟಿಯಲ್ಲಿ ಬಿಟ್ಟುಹೋದವರ ಅನುಮತಿಯನ್ನೂ ತೆಗೆಯಬಹುದು. ಹೊಸ ಅಡ್ಮಿನಿಸ್ಟ್ರೇಟರ್ ಒಮ್ಮೆ ಒಳಗೆ ಹೋಗಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಹಳಬರ ಹೆಸರು ತೆಗೆಯಿರಿ. ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆಯಲ್ಲಿ ಆ ಪಟ್ಟಿಯನ್ನು ಓದಿದರೆ ಹತ್ತು ನಿಮಿಷದ ಕೆಲಸ.

ನಾನು ಹೇಳಿದ ಸಂಘದಲ್ಲಿ ಈಗ ಹೊಸ ಖಾತೆ ಇದೆ. ಅದು ಸಂಘದ ಹೆಸರಿನಲ್ಲಿದೆ, ಅಡ್ಮಿನಿಸ್ಟ್ರೇಟರುಗಳು ಇಬ್ಬರಿದ್ದಾರೆ. ಚಾರ್ಜು ಪಟ್ಟಿಯಲ್ಲಿ ಬೀರುವಿನ ಬೀಗದ ಕೈಯ ಕೆಳಗೆ ‘ಅನಾಲಿಟಿಕ್ಸ್ ಖಾತೆ’ ಎಂಬ ಸಾಲನ್ನೂ ಬರೆದಿದ್ದಾರೆ. ಹಳೆಯ ಲೆಕ್ಕ ಮಾತ್ರ ಬರಲಿಲ್ಲ. ನಿಮ್ಮ ಶಾಲೆಯ, ಸಂಘದ, ಅಂಗಡಿಯ ಜಾಲತಾಣವಿದ್ದರೆ, ಅದರ ಲೆಕ್ಕ ಯಾರ ಇಮೇಲಿನಲ್ಲಿದೆ ಎಂದು ನಾಳೆಯೇ ಕೇಳಿ. ಅವರು ಇನ್ನೂ ನಿಮ್ಮ ಜೊತೆಗಿರುವಾಗಲೇ ಕೇಳುವುದು ಒಳ್ಳೆಯದು.