ಬಣ್ಣದ ಡಬ್ಬಿಯಲ್ಲಿ ‘ಸ್ಕಿನ್ ಕಲರ್’ ಯಾರದ್ದು?

 

ಇವತ್ತು ಉಡುಗೊರೆ ಬಗ್ಗೆ ಮಾತಾಡೋಣ. ಅಕ್ಕನ ಮಗಳದೋ, ಫ್ರೆಂಡ್ ಮಗನದೋ ಬರ್ತ್‌ಡೇ ಇದೆ ಅಂತ ನಮಗೆ ನೆನಪಾಗೋದೇ ಹಿಂದಿನ ರಾತ್ರಿ. ಮೊಬೈಲ್ ತೆಗೀತೀವಿ, ಸೂಟ್‌ಕೇಸ್ ಥರ ತೆರೆಯೋ ನೂರಾರು ಪೀಸಿನ ಆರ್ಟ್ ಸೆಟ್ ಆರ್ಡರ್ ಮಾಡ್ತೀವಿ. ನೋಡೋಕೆ ಚೆಂದ, ನಿಜ. ಆದರೆ ಅದರಲ್ಲಿರೋ ಸಣ್ಣ ಕ್ರೆಯಾನ್‌ಗಳು ನಾಲ್ಕು ವರ್ಷದ ಕೈಗೆ ಸಿಕ್ಕರೆ ಪಟ್ ಅಂತ ಮುರೀತವೆ. ವಾಟರ್ ಕಲರ್ ಬಿಲ್ಲೆ ಎಷ್ಟು ಉಜ್ಜಿದರೂ ಬಣ್ಣ ಬಿಡೋದೇ ಇಲ್ಲ.

ಅದಕ್ಕೇ ನಾನು ಸೆಟ್ ಕೊಳ್ಳೋದು ಬಿಟ್ಟು, ಸಾಮಾನು ಬಿಡಿಬಿಡಿಯಾಗಿ ತಂದು ಡಬ್ಬಿ ತುಂಬಿಸಿ ಕೊಡ್ತೀನಿ. ಬೆಂಗಳೂರಲ್ಲಿರೋರಿಗೆ ಅವೆನ್ಯೂ ರೋಡ್ ಇದ್ದೇ ಇದೆ. ಬೇರೆ ಊರಲ್ಲಾದರೆ ಶಾಲೆ ಪಕ್ಕದ ಸ್ಟೇಷನರಿ ಅಂಗಡಿ ಸಾಕು. ಡಬ್ಬಿಗೆ ಹಳೇ ಬಿಸ್ಕೆಟ್ ಟಿನ್. ಮೇಲೆ ಮಗುವಿನ ಹೆಸರು, ದಪ್ಪ ಕನ್ನಡ ಅಕ್ಷರದಲ್ಲಿ.

ಹೆಸರು ಬರೆದಾಕ್ಷಣ ಅದು ಆ ಮಗುವಿನ ಡಬ್ಬಿ ಆಗಿಬಿಡಲ್ಲ. ಆ ಮಗುವಿನ ಕೈ ನೋಡಬೇಕು. ಎಡಗೈ ಮಗುವಾದರೆ ಎಡಗೈ ಕತ್ತರಿನೇ ಬೇಕು. ಅದರಲ್ಲಿ ಅಲಗುಗಳು ಅದಲುಬದಲಾಗಿರುತ್ತವೆ, ಹಾಗಾಗಿ ಕತ್ತರಿಸೋ ಗೆರೆ ಮಗುವಿಗೆ ಕಾಣುತ್ತೆ. ಮಾಮೂಲಿ ಕತ್ತರಿ ಕೊಟ್ಟು ‘ಇವನಿಗೆ ನೀಟಾಗಿ ಕತ್ತರಿಸೋಕೇ ಬರಲ್ಲ’ ಅನ್ನೋರನ್ನ ನಾನು ನೋಡಿದ್ದೀನಿ. ಮೂರು ವರ್ಷದ ಒಳಗಿನ ಮಕ್ಕಳಿಗೆ ಹೆಬ್ಬೆರಳು ದಪ್ಪದ ಕ್ರೆಯಾನ್, ದೊಡ್ಡ ಹಾಳೆ, ಅಷ್ಟೇ. ಮಣಿ, ಗುಂಡಿ, ಅಂಟಿಸೋ ಕಣ್ಣು ಯಾವುದೂ ಬೇಡ. ಎಲ್ಲ ಸೀದಾ ಬಾಯಿಗೇ ಹೋಗುತ್ತೆ.

ಈಗ ಬಣ್ಣಕ್ಕೆ ಬರ್ತೀನಿ. ನಾನು ಹೇಳಬೇಕು ಅಂದುಕೊಂಡಿದ್ದೇ ಇದು.

ನಮ್ಮಕ್ಕನ ಮಗಳಿಗೆ ಐದು ವರ್ಷ. ಒಂದಿನ ಮನೆಯೋರ ಚಿತ್ರ ಬಿಡಿಸ್ತಿದ್ದಳು. ‘ಚಿಕ್ಕಿ, ಸ್ಕಿನ್ ಕಲರ್ ಕೊಡು’ ಅಂದಳು. ಅವಳು ಕೇಳಿದ್ದು ಆ ತೆಳು ಗುಲಾಬಿ ಕಡ್ಡಿ. ಅಮ್ಮನ ಮುಖಕ್ಕೆ ಅದನ್ನೇ ಬಳಿದಳು, ಅಜ್ಜನಿಗೂ ಅದೇ. ನಮ್ಮಪ್ಪ ಗದ್ದೆ ಬಿಸಿಲಲ್ಲಿ ಬೆಂದ ಮನುಷ್ಯ, ಚೆನ್ನಾಗಿ ಕುದಿಸಿದ ಕಷಾಯದ ಬಣ್ಣ! ‘ಅಜ್ಜ ಹೀಗಿದ್ದಾರೇನೇ?’ ಅಂತ ಕೇಳಿದೆ. ‘ಇಲ್ಲ. ಆದ್ರೆ ಚಿತ್ರದಲ್ಲಿ ಹೀಗೇ ಮಾಡ್ಬೇಕು’ ಅಂದಳು.

ಐದು ವರ್ಷಕ್ಕೇ ಅವಳು ಇದನ್ನ ಕಲಿತಾಗಿದೆ, ನೋಡಿ. ಯಾರೂ ಕೂರಿಸಿ ಪಾಠ ಮಾಡಿಲ್ಲ.

ಅಮೆರಿಕದ ಕ್ರೆಯೋಲಾ ಕಂಪನಿ ಇಂಥದ್ದೇ ಒಂದು ಕಡ್ಡಿಗೆ ‘ಫ್ಲೆಶ್’, ಅಂದ್ರೆ ಮೈಬಣ್ಣ ಅಂತ ಹೆಸರಿಟ್ಟಿತ್ತು. 1962ರಲ್ಲಿ ಅದನ್ನ ‘ಪೀಚ್’ ಅಂತ ಬದಲಾಯಿಸಿತು. 2020ರಲ್ಲಿ ಬೇರೆ ಬೇರೆ ಮೈಬಣ್ಣಗಳದ್ದೇ 24 ಕಡ್ಡಿಯ ಪೆಟ್ಟಿಗೆ ತಂದಿತು. ನಮ್ಮ ತರಗತಿಗಳಲ್ಲಿ ಮಾತ್ರ ಆ ಕಡ್ಡಿ ಇವತ್ತಿಗೂ ‘ಸ್ಕಿನ್ ಕಲರ್’. ಬಳಿಯೋ ಕೈಗಳಲ್ಲಿ ಹೆಚ್ಚಿನವು ಆ ಬಣ್ಣದವಲ್ಲ.

ಅದಾದ ಮೇಲೆ ಐದು ದಾಟಿದ ಮಕ್ಕಳ ಡಬ್ಬಿಗೆ ನಾನು ನಾಲ್ಕೇ ಪೋಸ್ಟರ್ ಕಲರ್ ಇಡೋದು: ಕೆಂಪು, ಹಳದಿ, ನೀಲಿ, ಬಿಳಿ. ಬಿಳಿದು ಮಾತ್ರ ದೊಡ್ಡ ಬಾಟಲಿ, ಅದೇ ಮೊದಲು ಖಾಲಿಯಾಗೋದು. ಅಕ್ರಿಲಿಕ್ ಬೇಡ, ಬಟ್ಟೆ ಮೇಲೆ ಒಣಗಿದರೆ ಹೋಗಲ್ಲ. ಜೊತೆಗೆ ಮುಚ್ಚಳ ಇರೋ ನಾಲ್ಕು ಖಾಲಿ ಡಬ್ಬಿ. ಒಂದೊಂದರ ಮೇಲೂ ಚೀಟಿ: ನಾನು, ಅಮ್ಮ, ಅಪ್ಪ, ಅಜ್ಜ. ಆ ಮನೇಲಿ ಯಾರಿದ್ದಾರೋ ಅವರು.

ಮಿಕ್ಸ್ ಮಾಡೋದು ಮಗುವಿನ ಕೆಲಸ. ಹಳದಿಗೆ ಸ್ವಲ್ಪ ಕೆಂಪು ಹಾಕಿದರೆ ಕಿತ್ತಳೆ. ಅದಕ್ಕೆ ಕಡ್ಡಿ ತುದಿಯಲ್ಲಿ ಒಂದೇ ತೊಟ್ಟು ನೀಲಿ ಹಾಕಿ ಕಲಸಿದರೆ ಕಂದು. ಬೇಕಾದಷ್ಟು ಬಿಳಿ ಸೇರಿಸಬಹುದು. ಕಪ್ಪು ನಾನು ಬೇಕಂತಲೇ ಇಡಲ್ಲ. ಹಳದಿಗೆ ಕಪ್ಪು ಬಿದ್ದರೆ ಪಾಚಿ ಹಸಿರಾಗುತ್ತೆ, ಮುಖ ಕಾಯಿಲೆ ಬಿದ್ದಂಗೆ ಕಾಣುತ್ತೆ. ಕಲಸಿದ್ದನ್ನ ಮುಂಗೈ ಮೇಲೆ ಒಂದು ಚುಕ್ಕಿ ಇಟ್ಟು ನೋಡಬೇಕು. ಚುಕ್ಕಿ ಕಾಣದೇ ಹೋದರೆ ಬಣ್ಣ ಸಿಕ್ಕಿತು ಅಂತ ಅರ್ಥ.

ನಮ್ಮ ಹುಡುಗಿ ಅಜ್ಜನ ಕೈ ಹಿಡಿದುಕೊಂಡು ಒಂದು ಗಂಟೆ ಕೂತಳು. ಎಂಟು ಚುಕ್ಕಿ ಆಯ್ತು. ನಮ್ಮಪ್ಪನಿಗೋ ನಾಚಿಕೆ, ‘ನನ್ನ ಕಪ್ಪು ಮೋರೆಗೆ ಇಷ್ಟು ಕಷ್ಟ ಯಾಕಮ್ಮ, ಬೆಳ್ಳಗೆ ಮಾಡು’ ಅಂದರು. ‘ಸುಮ್ನೆ ಕೂತ್ಕೋ ಅಜ್ಜ, ಅಲ್ಲಾಡ್ಬೇಡ’ ಅಂತ ಗದರಿದಳು. ಚಿತ್ರ ಮುಗಿದ ಮೇಲೆ ಅಪ್ಪ ಅದನ್ನ ತಗೊಂಡು ಹೋಗಿ ತಮ್ಮ ಕನ್ನಡಕದ ಡಬ್ಬಿ ಪಕ್ಕ ಇಟ್ಟುಕೊಂಡರು. ಏನೂ ಹೇಳಲಿಲ್ಲ.

ಇನ್ನೊಂದು ವಿಷಯ, ಇದು ದೊಡ್ಡವರಿಗೆ. ನಮ್ಮ ಕಡೆ ಒಳ್ಳೇ ಉಡುಗೊರೆ ಬಂದರೆ ಸೀದಾ ಬೀರು ಮೇಲೆ ಹೋಗುತ್ತೆ, ‘ಹಾಳ್ಮಾಡ್ತೀಯ, ದೊಡ್ಡವಳಾದ ಮೇಲೆ ಕೊಡ್ತೀನಿ’ ಅಂತ. ಅವರದ್ದೂ ತಪ್ಪಲ್ಲ, ಖಾಲಿಯಾದರೆ ಮತ್ತೆ ತರೋರು ಯಾರು? ಅದಕ್ಕೇ ಡಬ್ಬಿ ಜೊತೆ ಒಂದು ಹಳೇ ಶರಟು ಇಡ್ತೀನಿ, ಬಟ್ಟೆ ಮೇಲೆ ಹಾಕಿಕೊಳ್ಳೋಕೆ. ಮುಚ್ಚಳದ ಒಳಗಡೆ ಒಂದು ಸಾಲು: ‘ಖಾಲಿಯಾದ ತಕ್ಷಣ ಚಿಕ್ಕಿಗೆ ಫೋನ್ ಮಾಡು.’ ಹೋದ ವಾರ ಫೋನ್ ಬಂತು. ಬಿಳಿ ಖಾಲಿಯಂತೆ, ಇನ್ನೂ ಎರಡು ಡಬ್ಬಿ ಬೇಕಂತೆ. ಒಂದು ಟೀಚರಿಗೆ, ಒಂದು ಪಕ್ಕದ ಮನೆ ನಾಯಿಗೆ.

ಸರಿ, ನಾನು ಅಂಗಡಿಗೆ ಹೊರಟೆ. ಮುಂದಿನ ವಾರ ಸಿಗೋಣ.